ಮೊಬೈಲ್ ಟವರ್‌ಗೆ ಪಂಚಾಯಿತಿ ತೆರಿಗೆ: ಗುಜರಾತ್ ಹೈಕೋರ್ಟ್ ತೀರ್ಪು ನಮಗೂ ಅನ್ವಯಿಸುತ್ತದೆಯೇ?

ಹಟ್ಟಿಹೊಳೆ:
ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ವ್ಯಾಪ್ತಿಯ ಕಾಫಿ ತೋಟಗಳಲ್ಲಿ ಹಲವು ವರ್ಷಗಳಿಂದ ಮೊಬೈಲ್ ಟವರ್‌ಗಳು ನಿಂತಿವೆ. ಜಾಗ ಕೊಟ್ಟ ತೋಟದವರಿಗೆ ಬಾಡಿಗೆ ಬರುತ್ತಿದೆ, ಕಂಪನಿಗೆ ಆದಾಯ ಬರುತ್ತಿದೆ, ಪಂಚಾಯಿತಿಗೆ ಮಾತ್ರ ಏನೂ ಬಂದಿಲ್ಲ. ಕಳೆದ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ಬೇಡಿಕೆ ನೋಟಿಸ್ ಕಳುಹಿಸಿದೆವು. ಅದಕ್ಕೆ ಕಂಪನಿಯ ವಕೀಲರಿಂದ ಬಂದ ಉತ್ತರದ ಸಾರ ಇಷ್ಟು: ಟವರ್ ಎಂಬುದು ಯಂತ್ರವೇ ಹೊರತು ಕಟ್ಟಡವಲ್ಲ, ದೂರಸಂಪರ್ಕ ಕೇಂದ್ರ ಸರ್ಕಾರದ ವಿಷಯ, ಸ್ಥಳೀಯ ಸಂಸ್ಥೆಗಳಿಗೆ ಟವರ್ ಮೇಲೆ ಆಸ್ತಿ ತೆರಿಗೆ ಹಾಕುವ ಅಧಿಕಾರವಿಲ್ಲ ಎಂದು ಗುಜರಾತ್ ಹೈಕೋರ್ಟ್ 2013ರಲ್ಲಿಯೇ ತೀರ್ಪು ಕೊಟ್ಟಿದೆ, ಆದ್ದರಿಂದ ನೋಟಿಸನ್ನು ಹಿಂಪಡೆಯಬೇಕು.

ನಾನು ಆ ಜಾಗಕ್ಕೆ ಹೋಗಿ ನೋಡಿ ಬಂದಿದ್ದೇನೆ. ನೆಲಕ್ಕೆ ಕಾಂಕ್ರೀಟ್ ಅಡಿಪಾಯ ಹಾಕಿ ನಾಲ್ಕು ಕಬ್ಬಿಣದ ಕಾಲುಗಳನ್ನು ಬೋಲ್ಟ್‌ನಿಂದ ಬಿಗಿದಿದ್ದಾರೆ. ಪಕ್ಕದಲ್ಲಿ ಬ್ಯಾಟರಿಗಳಿರುವ ಶೀಟಿನ ಕೋಣೆ, ಅದರ ಹಿಂದೆ ಡೀಸೆಲ್ ಜನರೇಟರ್, ಸುತ್ತಲೂ ಜಾಲರಿ ಬೇಲಿ, ಬೀಗ ಹಾಕಿದ ಗೇಟು. ಕರಿಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಓಕ್ ಮರಗಳನ್ನು ಕಡಿದು ಅಲ್ಲಿಯವರೆಗೆ ಜೀಪು ಹೋಗುವಷ್ಟು ರಸ್ತೆ ಮಾಡಿದ್ದಾರೆ. ಇದು ಕಟ್ಟಡವಲ್ಲ ಎಂದು ಒಪ್ಪಿಕೊಳ್ಳುವುದು ನನಗೆ ಕಷ್ಟವಾಗುತ್ತಿದೆ. ಆದರೆ ಮೇಲಿನಿಂದ ಸೂಚನೆ ಬರುವವರೆಗೆ ಕಡತವನ್ನು ಹಾಗೆಯೇ ಇಡೋಣ ಎಂದು ನಮ್ಮ ಪಿಡಿಒ ಹೇಳುತ್ತಿದ್ದಾರೆ. ಸದಸ್ಯರಲ್ಲಿ ಎರಡು ಅಭಿಪ್ರಾಯವಿದೆ. ನೀರುಗಂಟಿಗಳ ಸಂಬಳಕ್ಕೂ ಸ್ವಂತ ಸಂಪನ್ಮೂಲವನ್ನೇ ನೋಡಿಕೊಳ್ಳುವ ಪಂಚಾಯಿತಿ ನಮ್ಮದು. ತಿಳಿದವರು ದಯವಿಟ್ಟು ಹೇಳಿ: ಈ ತೀರ್ಪು ನಮ್ಮನ್ನು ಕಟ್ಟಿಹಾಕುತ್ತದೆಯೇ?

ವಿರಾಜಪೇಟೆ ವಕೀಲ:
ಮೇಡಂ, ಆ ಉತ್ತರದಲ್ಲಿ ಅರ್ಧ ಕಥೆ ಮಾತ್ರ ಇದೆ. ಗುಜರಾತ್ ಹೈಕೋರ್ಟ್ ಹಾಗೆ ತೀರ್ಪು ಕೊಟ್ಟಿದ್ದು ನಿಜ. ಆ ರಾಜ್ಯದ ಮಹಾನಗರಪಾಲಿಕೆ ಕಾಯ್ದೆಗೆ 145ಎ ಎಂಬ ಪ್ರಕರಣವನ್ನು (ಸೆಕ್ಷನ್) ಸೇರಿಸಿ ಟವರ್‌ಗಳ ಮೇಲೆ ತೆರಿಗೆ ಹಾಕಲು ಅವಕಾಶ ಮಾಡಿದ್ದರು, ಹೈಕೋರ್ಟ್ ಅದನ್ನು ಸಂವಿಧಾನಬಾಹಿರ ಎಂದಿತು. ಆದರೆ ಅಹಮದಾಬಾದ್ ಮಹಾನಗರಪಾಲಿಕೆ ಮತ್ತು ಜಿಟಿಎಲ್ ಇನ್‌ಫ್ರಾಸ್ಟ್ರಕ್ಚರ್ ನಡುವಿನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 16ರಂದು ಆ ತೀರ್ಪನ್ನು ರದ್ದುಪಡಿಸಿತು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 49ನೇ ನಮೂದು 'ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ'ಯದು. ಅಲ್ಲಿನ 'ಕಟ್ಟಡ'ವನ್ನು ಜನ ವಾಸಿಸುವ ಮನೆ ಎಂಬ ಸಂಕುಚಿತ ಅರ್ಥದಲ್ಲಿ ಓದಬಾರದು, ಮೊಬೈಲ್ ಟವರ್ ಕೂಡ ಅದರ ವ್ಯಾಪ್ತಿಗೆ ಬರುತ್ತದೆ ಎಂದು ನ್ಯಾಯಾಲಯ ಹೇಳಿತು. ದೂರಸಂಪರ್ಕವನ್ನು ನಿಯಂತ್ರಿಸುವ ಅಧಿಕಾರ ಕೇಂದ್ರಕ್ಕಿದೆ ಎಂಬ ಕಾರಣಕ್ಕೆ ರಾಜ್ಯದ ಆಸ್ತಿ ತೆರಿಗೆಯ ಅಧಿಕಾರ ಇಲ್ಲವಾಗುವುದಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ.

ಸಂವಿಧಾನದ 141ನೇ ಅನುಚ್ಛೇದದ ಪ್ರಕಾರ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಬಂಧಿಸುತ್ತದೆ. ರದ್ದಾದ ತೀರ್ಪನ್ನು ಆಧಾರವಾಗಿ ತೋರಿಸಿ, ಅದು ರದ್ದಾದ ಸಂಗತಿಯನ್ನು ಮುಚ್ಚಿಡುವುದು ಗಂಭೀರವಾದ ಲೋಪ.

ಚಿಕ್ಲಿಹೊಳೆ:
ರದ್ದಾಗದೆ ಉಳಿದಿದ್ದರೂ ಗುಜರಾತಿನ ತೀರ್ಪು ಕೊಡಗಿನ ಪಂಚಾಯಿತಿಗೆ ಹೇಗೆ ಅನ್ವಯಿಸುತ್ತಿತ್ತು? ನಮ್ಮ ಹೈಕೋರ್ಟ್ ಬೆಂಗಳೂರಿನಲ್ಲಿದೆ.

ವಿರಾಜಪೇಟೆ ವಕೀಲ:
ಸರಿಯಾದ ಪ್ರಶ್ನೆ. ಒಂದು ಹೈಕೋರ್ಟ್‌ನ ತೀರ್ಪು ಅದರ ವ್ಯಾಪ್ತಿಯೊಳಗಿನ ಅಧಿಕಾರಿಗಳನ್ನೂ ಕೆಳ ನ್ಯಾಯಾಲಯಗಳನ್ನೂ ಬಂಧಿಸುತ್ತದೆ. ಬೇರೆ ರಾಜ್ಯದ ಹೈಕೋರ್ಟ್ ಅದನ್ನು ಗೌರವದಿಂದ ಪರಿಶೀಲಿಸಬಹುದು, ಒಪ್ಪಬಹುದು, ಬಿಡಬಹುದು. ಸಂಸತ್ತು ಮಾಡಿದ ಕಾನೂನನ್ನು ಒಂದು ಹೈಕೋರ್ಟ್ ಅಸಿಂಧುಗೊಳಿಸಿದರೆ ಅದರ ಪರಿಣಾಮ ಇಡೀ ದೇಶಕ್ಕೆ ತಟ್ಟುತ್ತದೆ ಎಂಬ ವಾದವನ್ನು 2004ರ ಕುಸುಮ್ ಇಂಗಾಟ್ಸ್ ಪ್ರಕರಣದ ಆಧಾರದಲ್ಲಿ ಮಂಡಿಸುವುದುಂಟು. ಆದರೆ ಇಲ್ಲಿ ಅಸಿಂಧುವಾಗಿದ್ದು ಗುಜರಾತ್ ವಿಧಾನಸಭೆಯ ಕಾನೂನು. ಅದಕ್ಕೂ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಗೂ ನೇರ ಸಂಬಂಧವೇ ಇರಲಿಲ್ಲ.

ತೋಟದ ದಾರಿ:
ನೀವೆಲ್ಲ ಉತ್ಸಾಹದಿಂದ ತೆರಿಗೆ ಹಾಕಲು ಹೊರಟಿದ್ದೀರಿ. ತೋಟದ ಮಾಲೀಕನಾಗಿ ನನ್ನ ಆತಂಕವನ್ನೂ ದಯವಿಟ್ಟು ಕೇಳಿ. ಟವರ್ ನನ್ನ ಜಮೀನಿನಲ್ಲಿದೆ. ಕಂಪನಿ ಕಟ್ಟದಿದ್ದರೆ ಪಂಚಾಯಿತಿಯವರು ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಮನೆಯ ಆಸ್ತಿ ದಾಖಲೆಗಳಾದ ನಮೂನೆ 9, ನಮೂನೆ 11 ಕೇಳಲು ಹೋದಾಗ ಮೊದಲು ಟವರ್ ಬಾಕಿ ಕಟ್ಟಿ ಬನ್ನಿ ಎಂದು ನನ್ನ ಪರಿಚಯದ ಒಬ್ಬರಿಗೆ ಹೇಳಿದ್ದಾರೆ. ಇಂದು ಟವರ್ ಕಟ್ಟಡವಾದರೆ ನಾಳೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆ, ಕಾಫಿ ಒಣಗಿಸುವ ಕಣ, ಕಾರ್ಮಿಕರ ಲೈನ್ ಮನೆ ಎಲ್ಲವೂ ತೆರಿಗೆಗೆ ಬರುತ್ತವೆ. ಕಾಫಿಗೆ ಒಂದೆರಡು ವರ್ಷ ಒಳ್ಳೆಯ ಬೆಲೆ ಬಂದ ಮಾತ್ರಕ್ಕೆ ಎಲ್ಲರ ಕಣ್ಣೂ ತೋಟದವರ ಮೇಲೆ ಬೀಳುವುದು ನ್ಯಾಯವಲ್ಲ.

ನಿವೃತ್ತ ಕಾರ್ಯದರ್ಶಿ:
ತೋಟದ ದಾರಿಯವರೇ, ನಿಮ್ಮ ಆತಂಕಕ್ಕೆ ಕಾರಣವಿದೆ. ಆದರೆ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ನಾನು ಪಂಚಾಯಿತಿ ಕಾರ್ಯದರ್ಶಿಯಾಗಿ ದಕ್ಷಿಣ ಕೊಡಗಿನಲ್ಲಿ ಬಹಳ ಕಾಲ ಕೆಲಸ ಮಾಡಿದವನು. ಈ ಗೊಂದಲ ಆಗಲೂ ಇತ್ತು.

ನಮ್ಮ ರಾಜ್ಯದ ಅದೇ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದ ಪ್ರಕಾರ, ಕೃಷಿ ಕಂದಾಯ ನಿರ್ಧರಣೆಗೆ ಒಳಪಡದ ಕಟ್ಟಡ ಮತ್ತು ಜಮೀನುಗಳ ಮೇಲೆ, ನಿಯಮಗಳಲ್ಲಿ ಹೇಳಿದ ವಿನಾಯಿತಿಗಳಿಗೆ ಒಳಪಟ್ಟು, ನಾಲ್ಕನೇ ಅನುಸೂಚಿಯಲ್ಲಿ ನಿಗದಿಪಡಿಸಿದ ಗರಿಷ್ಠ ದರವನ್ನು ಮೀರದಂತೆ ಗ್ರಾಮ ಪಂಚಾಯಿತಿ ತೆರಿಗೆ ವಿಧಿಸತಕ್ಕದ್ದು. ಕಾಫಿ ಗಿಡ ಇರುವ ನೆಲಕ್ಕೆ ನೀವು ಕಂದಾಯ ಇಲಾಖೆಗೆ ಕಂದಾಯ ಕಟ್ಟುತ್ತೀರಿ, ಅದರ ಮೇಲೆ ಪಂಚಾಯಿತಿ ಕೈ ಹಾಕುವಂತಿಲ್ಲ. ಟವರ್‌ಗೆ ಗುತ್ತಿಗೆ ಕೊಟ್ಟ ತುಂಡು ಜಾಗದಲ್ಲಿ ಮಾತ್ರ ಕೃಷಿ ನಡೆಯುತ್ತಿಲ್ಲ. ಆ ತುಂಡು ಜಾಗ ಮತ್ತು ಅದರ ಮೇಲಿನ ನಿರ್ಮಾಣವನ್ನು ಪ್ರತ್ಯೇಕ ಆಸ್ತಿಯಾಗಿ ರಿಜಿಸ್ಟರ್‌ನಲ್ಲಿ ದಾಖಲಿಸಿ, ಅನುಭೋಗದಾರರ ಕಾಲಂನಲ್ಲಿ ಕಂಪನಿಯ ಹೆಸರು ಬರೆದರೆ ನಿಮ್ಮ ಮನೆಯ ಖಾತೆಗೂ ಅದಕ್ಕೂ ಸಂಬಂಧ ಉಳಿಯುವುದಿಲ್ಲ. ಟವರ್ ಬಾಕಿಗಾಗಿ ಮನೆಯ ನಮೂನೆ ತಡೆಹಿಡಿದದ್ದು ನಿಜವಾದರೆ ಅದು ತಪ್ಪು, ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಲು ಹೇಳಿ.

ತೋಟದ ದಾರಿ:
ಪಲ್ಪರ್ ಮನೆಯ ವಿಷಯಕ್ಕೆ ಉತ್ತರ ಬರಲಿಲ್ಲ. 'ಕೃಷಿ ಕಂದಾಯ ನಿರ್ಧರಣೆಗೆ ಒಳಪಡದ' ಎಂಬ ವಿಶೇಷಣ ಜಮೀನಿಗೆ ಮಾತ್ರವೋ, ಕಟ್ಟಡಕ್ಕೂ ಸೇರಿಯೋ? ಕಟ್ಟಡಕ್ಕೂ ಸೇರಿದ್ದಾದರೆ ಕಂದಾಯದ ಜಮೀನಿನ ಮೇಲಿರುವ ಯಾವ ಕಟ್ಟಡಕ್ಕೂ ತೆರಿಗೆ ಬೀಳಬಾರದು.

ನಿವೃತ್ತ ಕಾರ್ಯದರ್ಶಿ:
ಹಾಗೆ ಓದಿದರೆ ಭೂಪರಿವರ್ತನೆ ಮಾಡಿಸದೆ ತೋಟದ ಮಧ್ಯೆ ರೆಸಾರ್ಟ್ ಕಟ್ಟಿದವರು ತೆರಿಗೆಯಿಂದ ಪಾರಾಗುತ್ತಾರೆ, ಪರಿವರ್ತನೆ ಮಾಡಿಸಿ ಸಣ್ಣ ಮನೆ ಕಟ್ಟಿದವರು ತೆರಿಗೆ ಕಟ್ಟಬೇಕಾಗುತ್ತದೆ. ಕಾನೂನು ಮಾಡಿದವರ ಉದ್ದೇಶ ಅದಾಗಿರಲು ಸಾಧ್ಯವಿಲ್ಲ. ಕೃಷಿಗೇ ಬಳಕೆಯಾಗುವ ಕಣ, ಗೋದಾಮು, ಕೊಟ್ಟಿಗೆಗಳ ವಿಷಯವನ್ನು ವಿನಾಯಿತಿ ನಿಯಮಗಳಲ್ಲಿ ನೋಡಬೇಕು. ಅಲ್ಲಿ ಹೆಸರಿಸಿದ್ದರೆ ವಿನಾಯಿತಿ, ಇಲ್ಲವಾದರೆ ಗ್ರಾಮಸಭೆಯ ಮೂಲಕ ಸರ್ಕಾರಕ್ಕೆ ಕೇಳಿಕೊಳ್ಳಬೇಕು. ತೋಟ ಬೆಳೆಗಾರರ ಸಂಘಗಳು ಈ ಬಗ್ಗೆ ಮನವಿ ಕೊಡುವುದು ಒಳ್ಳೆಯದು.

ಲಕ್ಷ್ಮಣತೀರ್ಥ:
ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಬಾಣೆ ಜಮೀನು ಗದ್ದೆಗೆ ಪೂರಕವಾಗಿ, ಸೊಪ್ಪು, ಸೌದೆ, ಮೇವಿಗೆಂದು ಕಂದಾಯವಿಲ್ಲದೆ ಅನುಭವಿಸಿಕೊಂಡು ಬಂದದ್ದು. ಕಂದಾಯವೇ ಇಲ್ಲದ ಬಾಣೆಯಲ್ಲಿ ಟವರ್ ನಿಂತರೆ, ಅದು 'ಕೃಷಿ ಕಂದಾಯ ನಿರ್ಧರಣೆಗೆ ಒಳಪಡದ ಜಮೀನು' ಎಂದು ಇಡೀ ಬಾಣೆಗೆ ತೆರಿಗೆ ಹಾಕಲು ಯಾರಾದರೂ ಮುಂದಾದರೆ ಏನು ಮಾಡುವುದು? ಕಾಯ್ದೆ ಬರೆದವರಿಗೆ ಕೊಡಗಿನ ಭೂ ಹಿಡುವಳಿಯ ಪದ್ಧತಿ ಕಣ್ಣ ಮುಂದೆ ಇರಲಿಲ್ಲವೆಂದು ನನಗೆ ಅನಿಸುತ್ತದೆ.

ವಿರಾಜಪೇಟೆ ವಕೀಲ:
ಕಂದಾಯದಿಂದ ರಿಯಾಯಿತಿ ಪಡೆದಿರುವುದು ಬೇರೆ, ಕಂದಾಯ ನಿರ್ಧರಣೆಯ ವ್ಯವಸ್ಥೆಗೇ ಒಳಪಡದಿರುವುದು ಬೇರೆ. ಬಾಣೆಯ ರಿಯಾಯಿತಿ ಬಂದದ್ದೇ ಅದು ಕೃಷಿಗೆ ಸೇರಿದ ಜಮೀನು ಎಂಬ ಕಾರಣಕ್ಕೆ. ಆದ್ದರಿಂದ ಇಡೀ ಬಾಣೆಯನ್ನು ಪಂಚಾಯಿತಿ ತೆರಿಗೆಗೆ ತರುವ ವಾದ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಟವರ್ ನಿಂತ ಅಷ್ಟು ಚದರ ಮೀಟರ್ ಮಾತ್ರ ಚರ್ಚೆಯ ವಿಷಯ.

ಬ್ರಹ್ಮಗಿರಿ:
ವಕೀಲರು 2016ಕ್ಕೇ ನಿಲ್ಲಿಸಿದ್ದು ಸರಿಯಲ್ಲ. 2023ರ ದೂರಸಂಪರ್ಕ ಕಾಯ್ದೆಯ 14ನೇ ಪ್ರಕರಣವನ್ನು ಯಾರೂ ಪ್ರಸ್ತಾಪಿಸಿಲ್ಲ. ಯಾವುದೇ ಆಸ್ತಿಯ ಮೇಲೆ ಸ್ಥಾಪಿಸಿದ ದೂರಸಂಪರ್ಕ ಜಾಲವನ್ನು ಆ ಆಸ್ತಿಯ ಭಾಗವೆಂದು ಪರಿಗಣಿಸತಕ್ಕದ್ದಲ್ಲ, ಆ ಆಸ್ತಿಗೆ ಅನ್ವಯಿಸುವ ಆಸ್ತಿ ತೆರಿಗೆ, ಸುಂಕ, ಸೆಸ್, ಶುಲ್ಕಗಳ ಉದ್ದೇಶಕ್ಕೂ ಪರಿಗಣಿಸತಕ್ಕದ್ದಲ್ಲ ಎಂದು ಅಲ್ಲಿ ಹೇಳಿದೆ. ಈ ಪ್ರಕರಣ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಟವರ್‌ಗಳಿಗೆ ಆಸ್ತಿ ತೆರಿಗೆಯಿಂದ ಬಿಡುಗಡೆ ಸಿಕ್ಕಿತು ಎಂದೇ ಆಗ ಪತ್ರಿಕೆಗಳು ಬರೆದವು. ಹಳೆಯ ತೀರ್ಪನ್ನು ಹಿಡಿದುಕೊಂಡು ಪಂಚಾಯಿತಿ ಮುಂದುವರಿದರೆ ಕಂಪನಿ ಇದನ್ನೇ ಮುಂದಿಡುತ್ತದೆ, ಸದಸ್ಯರು ಮುಖಭಂಗ ಅನುಭವಿಸಬೇಕಾಗುತ್ತದೆ.

ಹಟ್ಟಿಹೊಳೆ:
ಬ್ರಹ್ಮಗಿರಿಯವರೇ, ಇದನ್ನು ತಿಳಿಸಿದ್ದಕ್ಕೆ ಧನ್ಯವಾದ. ಕಂಪನಿಯ ಉತ್ತರದಲ್ಲಿ ಈ ಕಾಯ್ದೆಯ ಹೆಸರೇ ಇಲ್ಲ. ವಕೀಲರು ಏನು ಹೇಳುತ್ತಾರೆ?

ವಿರಾಜಪೇಟೆ ವಕೀಲ:
ಪ್ರಸ್ತಾಪಿಸಬೇಕಾದ ವಿಷಯವೇ ಹೌದು, ನಾನೂ ಅದಕ್ಕೇ ಬರುವವನಿದ್ದೆ. ಆದರೆ ಆ ಪ್ರಕರಣವನ್ನು ಪತ್ರಿಕೆಯ ತಲೆಬರಹದಿಂದ ಓದಬಾರದು, ಅದರ ಪದಗಳಿಂದಲೇ ಓದಬೇಕು. ಜಾಲವು 'ಆ ಆಸ್ತಿಯ' ಭಾಗವಲ್ಲ ಎಂದಷ್ಟೇ ಅದು ಹೇಳುತ್ತದೆ. ಅಂದರೆ ತೋಟದ ಮಾಲೀಕರ ಮನೆಯ ಛಾವಣಿಯ ಮೇಲೆ ಟವರ್ ಇದ್ದರೆ, ಟವರ್‌ನ ಮೌಲ್ಯವನ್ನು ಮನೆಯ ಮೌಲ್ಯಕ್ಕೆ ಸೇರಿಸಿ ಮಾಲೀಕರಿಗೆ ಹೆಚ್ಚು ತೆರಿಗೆ ಹಾಕುವಂತಿಲ್ಲ. ತೋಟದ ದಾರಿಯವರ ಆತಂಕಕ್ಕೆ ಇದು ಒಳ್ಳೆಯ ರಕ್ಷಣೆ. ಆದರೆ ತನ್ನದೇ ಅಡಿಪಾಯದ ಮೇಲೆ ನೆಲದಲ್ಲಿ ನಿಂತ, ಕಂಪನಿಯದೇ ಆದ ಟವರನ್ನು ಸ್ವತಂತ್ರ ಕಟ್ಟಡವೆಂದು ಪರಿಗಣಿಸಿ ಕಂಪನಿಗೇ ತೆರಿಗೆ ಹಾಕಬಾರದು ಎಂದು ಆ ವಾಕ್ಯದಲ್ಲಿ ನೇರವಾಗಿ ಇಲ್ಲ. ತೆರಿಗೆ ವಿನಾಯಿತಿಯನ್ನು ಊಹಿಸಿಕೊಳ್ಳಲು ಬರುವುದಿಲ್ಲ, ಸ್ಪಷ್ಟವಾಗಿ ಬರೆದಿರಬೇಕು.

ಎರಡನೆಯದು ಇನ್ನೂ ಆಳವಾದ ಪ್ರಶ್ನೆ. ಭೂಮಿ ಮತ್ತು ಕಟ್ಟಡದ ತೆರಿಗೆ ರಾಜ್ಯ ಪಟ್ಟಿಯಲ್ಲಿದೆ. ದೂರಸಂಪರ್ಕ ಕೇಂದ್ರ ಪಟ್ಟಿಯ 31ನೇ ನಮೂದಿನಲ್ಲಿದೆ. ನಮ್ಮ ಸಂವಿಧಾನದಲ್ಲಿ ನಿಯಂತ್ರಣದ ನಮೂದುಗಳೂ ತೆರಿಗೆಯ ನಮೂದುಗಳೂ ಪ್ರತ್ಯೇಕ. ನಿಯಂತ್ರಣದ ಅಧಿಕಾರದಿಂದ ತೆರಿಗೆಯ ಅಧಿಕಾರ ಹುಟ್ಟುವುದಿಲ್ಲ. ಖನಿಜ ಹಕ್ಕುಗಳ ತೆರಿಗೆ ಕುರಿತು 2024ರ ಜುಲೈ 25ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರ ಬಹುಮತದಿಂದ ಕೊಟ್ಟ ತೀರ್ಪಿನಲ್ಲಿಯೂ ರಾಜ್ಯಗಳ ತೆರಿಗೆ ಅಧಿಕಾರವನ್ನು ಎತ್ತಿಹಿಡಿಯಲಾಗಿದೆ. ಹೀಗಿರುವಾಗ ಸಂಸತ್ತು ತನ್ನ ದೂರಸಂಪರ್ಕ ಕಾಯ್ದೆಯ ಮೂಲಕ ರಾಜ್ಯದ ತೆರಿಗೆಯನ್ನು ಮೊಟಕುಗೊಳಿಸಬಹುದೇ ಎಂಬುದು ಗಂಭೀರವಾದ ಪ್ರಶ್ನೆ.

ಬ್ರಹ್ಮಗಿರಿ:
ಖನಿಜದ ತೀರ್ಪನ್ನು ಇಲ್ಲಿಗೆ ಎಳೆದು ತರಬೇಡಿ. ರಾಜ್ಯ ಪಟ್ಟಿಯ 50ನೇ ನಮೂದಿನಲ್ಲಿಯೇ ಖನಿಜ ಅಭಿವೃದ್ಧಿಯ ಕುರಿತು ಸಂಸತ್ತು ಮಿತಿ ಹೇರಬಹುದು ಎಂದು ಬರೆದಿದೆ, ವಾದವೆಲ್ಲ ಆ ಮಿತಿಯ ಸುತ್ತ ನಡೆದದ್ದು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಭಿನ್ನಮತದ ತೀರ್ಪು ಬರೆದದ್ದನ್ನೂ ಮರೆಯಬಾರದು.

ವಿರಾಜಪೇಟೆ ವಕೀಲ:
50ನೇ ನಮೂದಿನಲ್ಲಿ ಅಂತಹ ಮಿತಿಯ ಮಾತಿದೆ, 49ರಲ್ಲಿ ಇಲ್ಲ ಎಂಬುದೇ ನನ್ನ ವಾದವನ್ನು ಗಟ್ಟಿಗೊಳಿಸುತ್ತದೆ. ಮಿತಿ ಹೇರಬೇಕೆಂದಿದ್ದಲ್ಲಿ ಸಂವಿಧಾನ ಅದನ್ನು ಬರೆದೇ ಇದೆ.

ಬ್ರಹ್ಮಗಿರಿ:
ಆ ಮಟ್ಟಿಗೆ ಒಪ್ಪುತ್ತೇನೆ. ಆದರೂ ನ್ಯಾಯಾಲಯ ತೀರ್ಮಾನಿಸುವವರೆಗೆ 14ನೇ ಪ್ರಕರಣ ಜಾರಿಯಲ್ಲಿರುವ ಕಾನೂನು. ಅದು ಅಸಿಂಧು ಎಂದು ಹೇಳುವ ಅಧಿಕಾರ ಪಂಚಾಯಿತಿಗಿಲ್ಲ.

ಕಕ್ಕಡ:
ಇಷ್ಟೆಲ್ಲ ಚರ್ಚೆಯ ನಡುವೆ ಒಂದು ಮಾತು. ನಮ್ಮೂರಿನಲ್ಲಿ ಕಕ್ಕಡ ತಿಂಗಳ ಮಳೆಗೆ ವಿದ್ಯುತ್ ಹೋದರೆ ಟವರ್‌ನ ಬ್ಯಾಟರಿ ಸಂಜೆಯೊಳಗೆ ಖಾಲಿಯಾಗುತ್ತದೆ. ಜನರೇಟರ್‌ಗೆ ಡೀಸೆಲ್ ತರುವವರಿಲ್ಲ. ಮನೆಯಲ್ಲಿ ವಯಸ್ಸಾದವರಿಗೆ ಆರೋಗ್ಯ ಕೆಟ್ಟರೆ ಆಂಬುಲೆನ್ಸ್‌ಗೆ ಕರೆ ಮಾಡಲು ಗುಡ್ಡ ಹತ್ತಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಸಂಪರ್ಕವಿಲ್ಲದೆ ಪಟ್ಟ ಪಾಡು ಇಲ್ಲಿನ ಎಲ್ಲರಿಗೂ ನೆನಪಿದೆ. ಪಂಚಾಯಿತಿ ತೆರಿಗೆ ಹಾಕಿದರೆ ಕಂಪನಿಯವರು ಟವರನ್ನೇ ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ ನಮ್ಮ ಊರಿನವರಿಗೆ. ಸೇವೆಯೇ ಸರಿಯಿಲ್ಲದ ಟವರ್‌ಗೆ ತೆರಿಗೆ ಕೇಳುವುದರಲ್ಲಿ ಅರ್ಥವೇನು?

ನಿವೃತ್ತ ಕಾರ್ಯದರ್ಶಿ:
ನಿಮ್ಮ ಕಷ್ಟ ನನಗೂ ಗೊತ್ತು. ಆದರೆ ತೆರಿಗೆ ಎಂಬುದು ಕಂಪನಿ ಕೊಡುವ ಸೇವೆಯ ಬೆಲೆಯೂ ಅಲ್ಲ, ಪಂಚಾಯಿತಿ ಆ ಕಂಪನಿಗೆ ಕೊಡುವ ಸೇವೆಯ ಬೆಲೆಯೂ ಅಲ್ಲ. ಬಾಡಿಗೆಗೆ ಹೋಗದೆ ಖಾಲಿ ಬಿದ್ದ ಅಂಗಡಿಗೂ ತೆರಿಗೆ ಇದ್ದೇ ಇರುತ್ತದೆ. ಟವರ್ ಎತ್ತಿಕೊಂಡು ಹೋಗುವ ಮಾತನ್ನು ನಾನು ನಂಬುವುದಿಲ್ಲ. ಒಂದು ಟವರ್‌ನ ಬಾಡಿಗೆ, ವಿದ್ಯುತ್ ಮತ್ತು ಡೀಸೆಲ್ ಖರ್ಚಿನ ಮುಂದೆ ಪಂಚಾಯಿತಿಯ ತೆರಿಗೆ ಬಹಳ ಸಣ್ಣದು.

ಭಾಗಮಂಡಲ ದಾರಿ:
ತೆರಿಗೆಗೂ ಶುಲ್ಕಕ್ಕೂ ಇರುವ ಈ ವ್ಯತ್ಯಾಸವನ್ನು ದಯವಿಟ್ಟು ಸ್ವಲ್ಪ ವಿವರಿಸಿ. ನಮ್ಮ ಕಡೆ ಜಲಪಾತ ನೋಡಲು ಬರುವ ವಾಹನಗಳಿಂದ ಹಣ ವಸೂಲಿ ಮಾಡುತ್ತಾರೆ, ಹೋಂಸ್ಟೇಗಳಿಂದ ಕಸದ ಶುಲ್ಕ ಎನ್ನುತ್ತಾರೆ. ಇದಕ್ಕೆಲ್ಲ ಅಧಿಕಾರ ಎಲ್ಲಿಂದ ಬಂತು?

ವಿರಾಜಪೇಟೆ ವಕೀಲ:
ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದ್ದು 1954ರಲ್ಲಿ, ನಮ್ಮ ನೆರೆಯ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ತೆರಿಗೆ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯವಾಗಿ ಪಡೆಯುವ ಹಣ, ಕಟ್ಟಿದವರಿಗೆ ಪ್ರತಿಯಾಗಿ ಇಂತಹದೇ ಸೇವೆ ಕೊಡಬೇಕೆಂದಿಲ್ಲ. ಶುಲ್ಕವಾದರೆ ಸೇವೆಗೂ ಹಣಕ್ಕೂ ಸಂಬಂಧವಿರಬೇಕು. ಮುಂದಿನ ತೀರ್ಪುಗಳು ಈ ಸಂಬಂಧ ಕಾಸಿಗೆ ಕಾಸು ಹೊಂದಬೇಕಿಲ್ಲ ಎಂದು ಸಡಿಲಿಸಿದವು, ಆದರೆ ಸಂಬಂಧವೇ ಬೇಡವೆನ್ನಲಿಲ್ಲ.

199ನೇ ಪ್ರಕರಣದಲ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಜಾತ್ರೆ, ಉತ್ಸವಗಳಿಗೆ ಬರುವವರಿಂದ ಪಂಚಾಯಿತಿ ಯಾತ್ರಿಕರ ಶುಲ್ಕ ಪಡೆಯಬಹುದು, ಆದರೆ ಅಲ್ಲಿ ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆಯನ್ನು ಪಂಚಾಯಿತಿಯೇ ಮಾಡಿರಬೇಕು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೂ ಭಾಗಮಂಡಲಕ್ಕೂ ಬರುವ ಜನಸಾಗರವನ್ನು ನೆನೆಸಿಕೊಂಡರೆ ಆ ಷರತ್ತಿನ ಮಹತ್ವ ಅರ್ಥವಾಗುತ್ತದೆ.

ಜಲಪಾತದ ಬಳಿ ಪಂಚಾಯಿತಿ ತನ್ನ ಜಾಗವನ್ನು ಸಮತಟ್ಟು ಮಾಡಿ, ಶೌಚಾಲಯ ಕಟ್ಟಿ, ಕಾವಲಿಗೆ ಜನ ಇಟ್ಟು ವಾಹನ ನಿಲುಗಡೆ ಶುಲ್ಕ ಪಡೆದರೆ ಆಕ್ಷೇಪಿಸಲಾಗದು. ಲೋಕೋಪಯೋಗಿ ಇಲಾಖೆಯ ರಸ್ತೆಗೆ ಹಗ್ಗ ಅಡ್ಡ ಕಟ್ಟಿ, ಮುಂದಕ್ಕೆ ಹೋಗುವ ಎಲ್ಲ ವಾಹನಗಳಿಂದಲೂ ಹಣ ಪಡೆದರೆ ಅದು ಶುಲ್ಕವಾಗುವುದಿಲ್ಲ, ಅದಕ್ಕೆ ಕಾನೂನಿನ ಆಧಾರವೂ ಇಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಬಾರದು, ವಸೂಲು ಮಾಡಲೂಬಾರದು ಎಂದು ಸಂವಿಧಾನದ 265ನೇ ಅನುಚ್ಛೇದ ಹೇಳುತ್ತದೆ.

ಭಾಗಮಂಡಲ ದಾರಿ:
ಹಗ್ಗ ಕಟ್ಟುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ರಸೀದಿಯ ಮೇಲೆ ಪಂಚಾಯಿತಿಯ ಮೊಹರೂ ಇರಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ.

ಚಿಕ್ಲಿಹೊಳೆ:
ಜಾಹೀರಾತು ಫಲಕಗಳ ಕಥೆ ಏನು? ಕುಶಾಲನಗರದಿಂದ ಮಡಿಕೇರಿಯವರೆಗೆ ರಸ್ತೆಯುದ್ದಕ್ಕೂ ರೆಸಾರ್ಟ್‌ಗಳ ಬೋರ್ಡುಗಳಿವೆ. ಜಿಎಸ್‌ಟಿ ಬಂದ ಮೇಲೆ ಪಂಚಾಯಿತಿ ಜಾಹೀರಾತು ತೆರಿಗೆ ಕೇಳುವಂತಿಲ್ಲ ಎಂದು ಒಬ್ಬರು ವಾದಿಸಿದರು.

ವಿರಾಜಪೇಟೆ ವಕೀಲ:
ಆ ವಾದಕ್ಕೆ ಮೂಲವಿದೆ. 2016ರ ನೂರ ಒಂದನೇ ತಿದ್ದುಪಡಿಯಲ್ಲಿ ರಾಜ್ಯ ಪಟ್ಟಿಯಿಂದ ಜಾಹೀರಾತು ತೆರಿಗೆಯ 55ನೇ ನಮೂದನ್ನು ತೆಗೆದುಹಾಕಲಾಯಿತು. ಮನರಂಜನಾ ತೆರಿಗೆಯನ್ನು ಮಾತ್ರ ಪಂಚಾಯಿತಿ, ಪುರಸಭೆಗಳು ವಿಧಿಸುವ ಮಟ್ಟಿಗೆ 62ನೇ ನಮೂದಿನಲ್ಲಿ ಉಳಿಸಿದರು. ಆದರೂ ಹುಬ್ಬಳ್ಳಿ-ಧಾರವಾಡದ ಜಾಹೀರಾತುದಾರರ ಸಂಘ ಹೂಡಿದ್ದ ಪ್ರಕರಣದಲ್ಲಿ, ಜಿಎಸ್‌ಟಿ ಇದ್ದರೂ ಮಹಾನಗರಪಾಲಿಕೆ ಜಾಹೀರಾತಿಗೆ ಶುಲ್ಕ ಅಥವಾ ತೆರಿಗೆ ವಿಧಿಸಬಹುದು ಎಂದು ನಮ್ಮ ಹೈಕೋರ್ಟ್ ಹೇಳಿದೆ. ಅದು ಪಾಲಿಕೆಗಳ ಕಾಯ್ದೆಯಡಿ ಬಂದ ತೀರ್ಪು. ಪಂಚಾಯಿತಿಯವರು ಅದನ್ನು ಯಥಾವತ್ತಾಗಿ ತಮ್ಮದೆಂದುಕೊಳ್ಳದೆ, ಬೋರ್ಡಿಗೆ ಅನುಮತಿ ಕೊಡುವ ಶುಲ್ಕದ ದಾರಿ ಹಿಡಿಯುವುದು ಕ್ಷೇಮ.

ಲಕ್ಷ್ಮಣತೀರ್ಥ:
ಬಿಎಸ್‌ಎನ್‌ಎಲ್ ಟವರ್‌ಗೆ ಏನು ಮಾಡುವುದು? ನಮ್ಮ ಕಡೆ ಕಾಡಂಚಿನ ಊರುಗಳಲ್ಲಿ ಅದೊಂದೇ ಸಿಗುವುದು. ಕೇಂದ್ರ ಸರ್ಕಾರದ ಆಸ್ತಿಗೆ ಪಂಚಾಯಿತಿ ತೆರಿಗೆ ಹಾಕಲು ಬರುವುದಿಲ್ಲ ಅಲ್ಲವೇ?

ವಿರಾಜಪೇಟೆ ವಕೀಲ:
285ನೇ ಅನುಚ್ಛೇದದ ವಿನಾಯಿತಿ ಕೇಂದ್ರ ಸರ್ಕಾರದ ಸ್ವಂತ ಆಸ್ತಿಗೆ, ಉದಾಹರಣೆಗೆ ಅಂಚೆ ಕಚೇರಿಯ ಸ್ವಂತ ಕಟ್ಟಡಕ್ಕೆ. ಬಿಎಸ್‌ಎನ್‌ಎಲ್ 2000ದ ಅಕ್ಟೋಬರ್‌ನಿಂದ ಪ್ರತ್ಯೇಕ ಕಂಪನಿ. ಷೇರುಗಳೆಲ್ಲ ಸರ್ಕಾರದವೇ ಆದರೂ ಕಂಪನಿಯ ಆಸ್ತಿ ಕಂಪನಿಯದೇ, ಅದಕ್ಕೆ 285ರ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿಯೂ ತೆರಿಗೆ ಕೇಳಿದ್ದು ಒಂದು ಸ್ಥಳೀಯ ಪ್ರಾಧಿಕಾರವೇ.

ನಿವೃತ್ತ ಕಾರ್ಯದರ್ಶಿ:
ಇನ್ನು ಹಟ್ಟಿಹೊಳೆ ಅಕ್ಕನವರ ಮೂಲ ಪ್ರಶ್ನೆಗೆ ನನ್ನ ಅನುಭವದ ಮಾತು ಹೇಳುತ್ತೇನೆ. ತೀರ್ಪುಗಳ ವಿಷಯದಲ್ಲಿ ನಾವು ಗೆಲ್ಲುತ್ತೇವೆ, ಕಾಗದದಲ್ಲಿ ಸೋಲುತ್ತೇವೆ. 2016ರ ತೀರ್ಪು ಹೇಳಿದ್ದು ರಾಜ್ಯಕ್ಕೆ ಅಧಿಕಾರವಿದೆ ಎಂದು. ಪಂಚಾಯಿತಿಗೆ ತನ್ನಷ್ಟಕ್ಕೆ ಯಾವ ತೆರಿಗೆಯ 
ಅಧಿಕಾರವೂ ಇಲ್ಲ. 243ಎಚ್ ಅನುಚ್ಛೇದವೇ ಹೇಳುವಂತೆ ರಾಜ್ಯದ ವಿಧಾನಮಂಡಲ ಕಾನೂನಿನ ಮೂಲಕ ಎಷ್ಟು ಕೊಟ್ಟಿದೆಯೋ ಅಷ್ಟೇ ನಮ್ಮದು. ಗುಜರಾತಿನಲ್ಲಿ ಟವರ್‌ಗೆಂದೇ ಪ್ರತ್ಯೇಕ ಪ್ರಕರಣವಿತ್ತು. ನಮ್ಮಲ್ಲಿ ಕಾಯ್ದೆಯ 2ನೇ ಪ್ರಕರಣದಲ್ಲಿನ ಕಟ್ಟಡದ ವ್ಯಾಖ್ಯೆ, ತಿದ್ದುಪಡಿಯಾದ ನಾಲ್ಕನೇ ಅನುಸೂಚಿ, ತೆರಿಗೆ ನಿಯಮಗಳು ಮತ್ತು ಇಲಾಖೆಯ ಈಚಿನ ಆದೇಶ, ಈ ನಾಲ್ಕನ್ನೂ ಮೇಜಿನ ಮೇಲಿಟ್ಟುಕೊಂಡು ನೋಟಿಸ್ ಬರೆಯಬೇಕು. ಪಂಚಾಯಿತಿ ನೋಟಿಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 'ಟವರ್ ತೆರಿಗೆ ಬಾಕಿ ಇಂತಿಷ್ಟು, ಏಳು ದಿನದೊಳಗೆ ಪಾವತಿಸಿ' ಎಂಬ ಎರಡು ಸಾಲು. ಯಾವ ಪ್ರಕರಣದಡಿ, ಯಾವ ಅಳತೆಯ ಮೇಲೆ, ಯಾವ ದರದಲ್ಲಿ, ಯಾವ ವರ್ಷಕ್ಕೆ ಎಂಬುದು ಇರುವುದಿಲ್ಲ. ಸಭೆಯ ನಿರ್ಣಯದ ಸಂಖ್ಯೆ ಇರುವುದಿಲ್ಲ, ಆಕ್ಷೇಪಣೆಗೆ ಅವಕಾಶ ಕೊಟ್ಟ ದಾಖಲೆ ಇರುವುದಿಲ್ಲ. ಇಂತಹ ನೋಟಿಸ್ ಹೈಕೋರ್ಟ್‌ಗೆ ಹೋದರೆ, ಅಧಿಕಾರದ ಪ್ರಶ್ನೆಗೆ ಬರುವ ಮುನ್ನವೇ ರದ್ದಾಗುತ್ತದೆ. ಅದನ್ನೇ ಕಂಪನಿಗಳು ಪಂಚಾಯಿತಿಗೆ ಅಧಿಕಾರವಿಲ್ಲವೆಂದು ಕೋರ್ಟ್ ಹೇಳಿತು ಎಂದು ಊರೂರಿಗೆ ಕಳುಹಿಸುತ್ತವೆ.

ಬಿಲ್ಲಿನಲ್ಲಿ ಸೆಸ್‌ಗಳನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಗ್ರಂಥಾಲಯ ಸೆಸ್ ಶೇ. 6, ಭಿಕ್ಷುಕರ ಸೆಸ್ ಶೇ. 3, ಇವು ತೆರಿಗೆಯ ಮೇಲೆ ಲೆಕ್ಕ ಹಾಕಿ ಸೇರುವಂಥವು, ಪಂಚಾಯಿತಿಯ ಕೈಯಲ್ಲಿ ಉಳಿಯುವಂಥವಲ್ಲ. ಎಲ್ಲವನ್ನೂ ಒಂದೇ ಮೊತ್ತವಾಗಿ ಬರೆದರೆ ತೆರಿಗೆ ಗರಿಷ್ಠ ದರವನ್ನು ಮೀರಿದಂತೆ ಕಾಣುತ್ತದೆ, ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ.

ಬ್ರಹ್ಮಗಿರಿ:
ಕಾರ್ಯದರ್ಶಿಗಳ ಮಾತನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಸಲಹೆ ಏನೆಂದರೆ, 2024ರ ಜೂನ್ 26ರ ಹಿಂದಿನ ಅವಧಿ ಮತ್ತು ನಂತರದ ಅವಧಿಗೆ ಎರಡು ಪ್ರತ್ಯೇಕ ಬೇಡಿಕೆ ನೋಟಿಸ್ ಕೊಡಿ. ಹೊಸ ಕಾಯ್ದೆಯ ವಾದ ಎದ್ದರೂ ಹಿಂದಿನ ಅವಧಿಯ ಬೇಡಿಕೆ ಅದರೊಡನೆ ಕೊಚ್ಚಿಹೋಗಬಾರದು.

ತೋಟದ ದಾರಿ:
ಇದು ನ್ಯಾಯವಾದ ದಾರಿ. ನೋಟಿಸ್ ಕಂಪನಿಯ ಹೆಸರಿಗೇ ಹೋಗಲಿ, ಪ್ರತಿಯನ್ನು ಮಾತ್ರ ಜಮೀನಿನವರಿಗೆ ಕೊಡಲಿ. ನನ್ನ ಗುತ್ತಿಗೆ ಕರಾರಿನಲ್ಲಿ ಸ್ಥಳೀಯ ತೆರಿಗೆಗಳನ್ನು ಕಂಪನಿಯೇ ಭರಿಸತಕ್ಕದ್ದು ಎಂದಿದೆ. ಬೇರೆಯವರೂ ತಮ್ಮ ಕರಾರನ್ನು ತೆಗೆದು ಓದಲಿ, ಹೆಚ್ಚಿನವರು ಬಾಡಿಗೆಯ ಮೊತ್ತವನ್ನಷ್ಟೇ ನೋಡಿ ಸಹಿ ಹಾಕಿದ್ದಾರೆ. ಬೇಕಿದ್ದರೆ ನನ್ನ ಕರಾರಿನ ಆ ಪುಟದ ಪ್ರತಿಯನ್ನು ಪಂಚಾಯಿತಿಗೆ ಕೊಡಲು ನಾನು ಸಿದ್ಧ.

ಹಟ್ಟಿಹೊಳೆ:
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಇಲ್ಲಿನ ಉತ್ತರಗಳನ್ನು ಮುದ್ರಿಸಿ ಪಿಡಿಒ ಅವರಿಗೂ ಅಧ್ಯಕ್ಷರಿಗೂ ಕೊಟ್ಟೆ. ಮೊದಲ ನೋಟಿಸನ್ನು ಹಿಂಪಡೆದು, ಕರ ವಸೂಲಿಗಾರರೂ ಎಂಜಿನಿಯರೂ ಸೇರಿ ಸ್ಥಳದ ಅಳತೆ ಮಾಡಿದ ಮೇಲೆ, ನಿರ್ಣಯದ ಸಂಖ್ಯೆಯೊಂದಿಗೆ ಹೊಸ ನೋಟಿಸ್ ಕೊಡುವುದೆಂದು ಮಾತಾಗಿದೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ. ಟವರ್ ನಿಂತ ದಿನದಿಂದ ಲೆಕ್ಕ ಹಾಕಿ ಹಿಂದಿನ ಎಲ್ಲ ವರ್ಷಗಳ ತೆರಿಗೆ ಕೇಳಬೇಕೆಂದು ಕೆಲವು ಸದಸ್ಯರು ಪಟ್ಟು ಹಿಡಿದಿದ್ದಾರೆ. ಅದು ಸಾಧುವೇ?

ವಿರಾಜಪೇಟೆ ವಕೀಲ:
ಅಲ್ಲಿ ಎಚ್ಚರ ಬೇಕು, ಮೇಡಂ. 2016ರ ಅದೇ ತೀರ್ಪಿನಲ್ಲಿ, ಪೂರ್ವಾನ್ವಯವಾಗಿ ತೆರಿಗೆ ಕೇಳಿದ್ದನ್ನೂ ತೆರಿಗೆಯ ಪ್ರಮಾಣವನ್ನೂ ಸೂಕ್ತ ವೇದಿಕೆಯಲ್ಲಿ ಪ್ರಶ್ನಿಸಲು ಕಂಪನಿಗಳಿಗೆ ಅವಕಾಶ ಉಳಿಸಲಾಗಿದೆ. ನೀವು ಹಿಂದಿನ ವರ್ಷಗಳಲ್ಲಿ ಆಸ್ತಿಯನ್ನು ರಿಜಿಸ್ಟರ್‌ಗೆ ಸೇರಿಸಿಯೇ ಇಲ್ಲ, ತೆರಿಗೆಯನ್ನು ನಿರ್ಧರಿಸಿಯೂ ಇಲ್ಲ. ನಿರ್ಧರಿಸದ ತೆರಿಗೆಯನ್ನು ಬಾಕಿ ಎಂದು ಕರೆಯಲು ಬರುವುದಿಲ್ಲ. ಪ್ರಸಕ್ತ ವರ್ಷದ ತೆರಿಗೆಯನ್ನು ಮೊದಲು ಕ್ರಮಬದ್ಧವಾಗಿ ನಿರ್ಧರಿಸಿ ವಸೂಲು ಮಾಡಿ. ಹಿಂದಿನ ವರ್ಷಗಳ ಪೈಕಿ ಯಾವುದಕ್ಕಾದರೂ ನಿರ್ಣಯ, ರಿಜಿಸ್ಟರ್ ನಮೂದು ಮತ್ತು ತಲುಪಿಸಿದ ಬಿಲ್ಲಿನ ದಾಖಲೆ ಇದ್ದರೆ ಆ ವರ್ಷವನ್ನು ಮಾತ್ರ, ಬ್ರಹ್ಮಗಿರಿಯವರು ಹೇಳಿದಂತೆ ಪ್ರತ್ಯೇಕ ನೋಟಿಸ್‌ನಲ್ಲಿ ಕೇಳಿ. ಹೊಸ ನೋಟಿಸಿನ ಕರಡು ಸಿದ್ಧವಾದಾಗ ಕಂಪನಿಯ ಹೆಸರನ್ನು ತೆಗೆದು ಇಲ್ಲಿ ಹಾಕಿದರೆ ಓದಿ ನೋಡುತ್ತೇನೆ.